ದಮ್ ಹಿಡಿದ ಗಾಡಿ

ಕಾರನ್ನು ನಾಲ್ಕೂ ಕಡೆಯಿಂದ ಬೆಲ್ಟು ಬಿಗಿದು ಕಟ್ಟಿದ್ದರು. ಮುಂದಿನ ಗಾಲಿಗಳು ನೆಲದಲ್ಲಿ ಹೂತಿಟ್ಟ ಕಬ್ಬಿಣದ ರೋಲರುಗಳ ಮೇಲೆ ಕೂತಿದ್ದವು, ಹಿಂದಿನವಕ್ಕೆ ಕಟ್ಟಿಗೆಯ ಅಡ್ಡ ಕೊಟ್ಟಿದ್ದರು. ಗ್ಯಾರೇಜಿನ ಯುನೂಸ ಒಳಗೆ ಕೂತು ಎಕ್ಸಲರೇಟರ್ ತುಳಿದ. ಗಾಡಿ ನೂರರ ಮೇಲೆ ಓಡಿತು, ಒಂದು ಗೇಣೂ ಮುಂದೆ ಹೋಗಲಿಲ್ಲ. ಅಂದಪ್ಪ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು ತಿರುಗುವ ಗಾಲಿಗಳನ್ನೇ ನೋಡುತ್ತಿದ್ದ. ಜೀವಮಾನವೆಲ್ಲ ಸರಕಾರಿ ಬಸ್ಸು ಓಡಿಸಿದವನು ಅವನು. ಇಂಜಿನ್ ಇಷ್ಟು ಗದ್ದಲ ಮಾಡಿದರೆ ಬೇವಿನ ಗಿಡ, ಹೊಲದ ಬದು, ಕಲ್ಲು, ಕೈ ಮಾಡುವ ಮುದುಕಿ ಎಲ್ಲವೂ ಹಿಂದಕ್ಕೆ ಹೋಗಬೇಕು. ಇಲ್ಲಿ ಎದುರಿನ ಗೋಡೆ ಎದುರಿಗೇ ನಿಂತಿತ್ತು, ಅದರ ಮೇಲಿನ ಕ್ಯಾಲೆಂಡರಿನ ಹಾಳೆ ಮಾತ್ರ ದೊಡ್ಡ ಫ್ಯಾನಿನ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ಓಡುವುದು, ಆದರೆ ಹೋಗದಿರುವುದು. ಇದನ್ನು ಕಂಡುಹಿಡಿದವನ ತಲೆಯಲ್ಲಿ ಏನಿತ್ತೋ ಎಂದುಕೊಂಡ. ಅಷ್ಟರಲ್ಲಿ ತನ್ನ ಬಲಗಾಲು ನೆಲವನ್ನು ಒತ್ತಿ ಹಿಡಿದಿರುವುದು ತಿಳಿದು, ಯಾರಾದರೂ ನೋಡಿದರೇನೋ ಎಂದು ಮೆಲ್ಲಗೆ ಧೋತರದ ಮರೆಗೆ ಎಳೆದುಕೊಂಡ.

"ಅಜ್ಜಾರ, ಕಿವ್ಯಾಗ ಬೂಚ ಹಾಕ್ಕೋರಿ ಅಂದ್ರ ಕೈಯಾಗ ಹಿಡ್ಕೊಂಡ ಕುಂತೀರಿ," ಎಂದ ಯುನೂಸ ಗಾಡಿಯಿಂದ ಇಳಿಯುತ್ತ. "ನಾಳಿಗೆ ಸೊಸಿ ಬೈದದ್ದೂ ಕೇಳಸಂಗಿಲ್ಲ ಮತ್ತ."

"ಬೈಸಿಕೊಂಡ ಬೈಸಿಕೊಂಡೇ ಈ ಕಿವಿ ಹಿಂಗಾಗ್ಯಾವಲೇ," ಎಂದ ಅಂದಪ್ಪ. "ಪ್ಯಾಸೆಂಜರ್ ಬಾಯಾಗ ಜಲಮ ಕಳದಾಂವ ನಾ. ನಿನ್ನ ಈ ಮಶೀನ್ ಏನ ಕಿವುಡ ಮಾಡ್ತೈತಿ?"

ಯುನೂಸ ನಕ್ಕ. ಅಂದಪ್ಪನ ಮಗ ಚೇತನಕುಮಾರ ನಗಲಿಲ್ಲ, ಅವನು ಆಗಲೇ ಕಂಪ್ಯೂಟರಿನ ಪರದೆಯ ಮುಂದೆ ಬಾಗಿ ನಿಂತಿದ್ದ. ಸೊಸೆ ಶೀಲಾ ಶಟರಿನ ಹತ್ತಿರ, ಬೆಳಕಿಗೆ ಬೆನ್ನು ಮಾಡಿ ನಿಂತಿದ್ದಳು. ಅವಳೂ ನಗಲಿಲ್ಲ. ಮೊದಲಾಗಿದ್ದರೆ ನಗುತ್ತಿದ್ದಳು. ಆ ಮನೆಯಲ್ಲಿ ಅಂದಪ್ಪನ ಮಾತಿಗೆ ನಗುತ್ತಿದ್ದವಳು ಅವಳೊಬ್ಬಳೇ. ಹೆಂಡತಿ ಇಂದ್ರಾಬಾಯಿ ಅವನ ಕತೆಗಳನ್ನು ನೂರು ಸಲ ಕೇಳಿ ಬೇಸತ್ತವಳು. ಮಗ ಊಟಕ್ಕೆ ಕೂತರೆ ಫೋನು ನೋಡುವವನು. ಮದುವೆಯಾಗಿ ಬಂದ ಹೊಸತರಲ್ಲಿ ಈ ಹುಡುಗಿ, ದನದ ಡಾಕ್ಟರು, ಮೈಯೆಲ್ಲ ಡೆಟಾಲ್ ವಾಸನೆ, ರೊಟ್ಟಿ ಬಡಿಯುತ್ತ "ಆಮ್ಯಾಲ ಏನಾತ್ರಿ ಮಾವಾರ?" ಎಂದು ಕೇಳಿದಾಗ ಅಂದಪ್ಪನಿಗೆ ತಾನು ಇನ್ನೂ ಡ್ಯೂಟಿಯಲ್ಲಿದ್ದೇನೆ ಅನಿಸಿತ್ತು. ಕೆರೂರಿನ ಸಂತೆಯ ದಿನ ಬಸ್ಸಿನ ಮೇಲೆ ಕಟ್ಟಿದ್ದ ಕೋಳಿಬುಟ್ಟಿ ಬಿಚ್ಚಿ ಕೋಳಿಗಳೆಲ್ಲ ಹಾರಿದ್ದು, ಕಂಡಕ್ಟರ್ ಇಬ್ರಾಹಿಂಸಾಬ ಅವುಗಳ ಹಿಂದೆ ಓಡಿದ್ದು, ಹೊಸ ಟರ್ಬೋ ಬಸ್ಸು ಕೊಟ್ಟಾಗ ಕುಳಗೇರಿ ಕ್ರಾಸಿನ ಏರಿನಲ್ಲಿ ಅದು ಒತ್ತಿದರೂ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ಎದ್ದು ಓಡುತ್ತಿದ್ದದ್ದು. ಆ ಬಸ್ಸಿಗೆ ಅವನೇ ಒಂದು ಮಾತು ಹುಟ್ಟಿಸಿದ್ದ. "ದಮ್ ಹಿಡಿದಾಳ ನೋಡೋ ಇಬ್ರಾಹಿಂ, ಈಗ ಬಿಡ್ತಾಳ" ಎನ್ನುತ್ತಿದ್ದ. ನೀರಿಗೆ ಹಾರುವ ಮೊದಲು ಮನುಷ್ಯ ಉಸಿರು ಬಿಗಿಹಿಡಿಯುತ್ತಾನಲ್ಲ, ಹಾಗೆ. ಶೀಲಾ ಆ ಮಾತಿಗೆ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು.

ಅದೇ ಮಾತನ್ನು ಅವಳು ಕಳೆದ ತಿಂಗಳು ದವಾಖಾನಿಯಲ್ಲಿ ಆಡಿದ್ದಳು. "ಕಾಲ ಒತ್ತೇ ಇತ್ರಿ ಮಾವಾರ. ಗಾಡಿ ದಮ್ ಹಿಡೀತು." ಅವತ್ತು ಇದೇ ಗಾಡಿಯಲ್ಲಿ ಬಾದಾಮಿಗೆ ಹೋಗಿ ಬನಶಂಕರಿಯ ದರ್ಶನ ಮಾಡಿಕೊಂಡು ಇಳಕಲ್ಲಿಗೆ ಮರಳುತ್ತಿದ್ದರು. ಚೇತನ ಕಾಲೇಜಿಗೆ ರಜೆ ಸಿಗದೆ ಬಂದಿರಲಿಲ್ಲ. ಶೀಲಾ ಓಡಿಸುತ್ತಿದ್ದಳು, ಪಕ್ಕದಲ್ಲಿ ಅಂದಪ್ಪ, ಹಿಂದೆ ಇಂದ್ರಾಬಾಯಿ ಮಡಿಲಲ್ಲಿ ಹೂವು ಕಾಯಿ ಇಟ್ಟುಕೊಂಡು. ಕಮತಗಿ ದಾಟಿದ ಮೇಲಿನ ಏರಿನಲ್ಲಿ ಗೊಂಜಾಳದ ಚೀಲ ಹೇರಿದ ಲಾರಿಯೊಂದು ತೆವಳುತ್ತಿತ್ತು. ಎದುರಿನ ರಸ್ತೆ ಖಾಲಿ. ಅವಳು ಬಲಕ್ಕೆ ತೆಗೆದಳು, ಒತ್ತಿದಳು. ಅಂದಪ್ಪನ ಕಣ್ಣು ರಸ್ತೆಯ ಮೇಲಿರಲಿಲ್ಲ, ಹಳೆಯ ಡ್ರೈವರನ ಚಟದಂತೆ ಓಡಿಸುವವರ ಕಾಲಿನ ಮೇಲಿತ್ತು. ನೀಲಿ ಚಪ್ಪಲಿಯ ಆ ಕಾಲು ಎಕ್ಸಲರೇಟರನ್ನು ಕೆಳಗಿನ ಚಾಪೆಗೆ ಅಂಟುವಂತೆ ಒತ್ತಿತ್ತು. ಗಾಡಿ ಮಾತ್ರ ಲಾರಿಯ ಪಕ್ಕದಲ್ಲಿ, ಲಾರಿಯ ಜೊತೆಗೇ, ಏನನ್ನೋ ನೆನಪಿಸಿಕೊಳ್ಳುತ್ತಿರುವ ಮುದುಕನ ಹಾಗೆ ನಿಂತುಬಿಟ್ಟಿತು. ಉಗುಳು ನುಂಗುವಷ್ಟು ಹೊತ್ತು. ಅಷ್ಟರಲ್ಲಿ ಏರಿನ ತಲೆಯಲ್ಲಿ ಟೆಂಪೋ ಕಾಣಿಸಿತು, ಅವಳು ಬ್ರೇಕು ತುಳಿದು ಹಿಂದಕ್ಕೆ ಸರಿದಳು, ಎಡಗಡೆಯ ಗಾಲಿ ಡಾಂಬರಿನ ಅಂಚು ಬಿಟ್ಟಿತು, ಗಾಡಿ ಜೋಳದ ಹೊಲಕ್ಕೆ ಇಳಿದು ಬದುವಿನ ಕಲ್ಲಿಗೆ ಬಡಿಯಿತು. ಇಂದ್ರಾಬಾಯಿಯ ಸೊಂಟದ ಎಲುಬು ಮುರಿಯಿತು. ಒಳಗೆ ರಾಡು ಹಾಕಿದ್ದಾರೆ, ಈಗ ಮನೆಯಲ್ಲಿ ಮಲಗಿದ್ದಾಳೆ.

ಜನ ಸೇರಿದ್ದರು. ಜೋಳದ ದಂಟು ತುಳಿದುಕೊಂಡು ಬಂದವರಲ್ಲಿ ಒಬ್ಬ ಅವನನ್ನು ಗುರುತಿಸಿದ. "ಡ್ರೈವರ್ ಅಂದಪ್ಪನಾರ ಅಲ್ರಿ? ನೀವ ಬಾಜೂ ಕುಂತೂ ಹಿಂಗ ಹೆಂಗಾತ್ರಿ?" ಬಾಜೂ ಕುಂತೂ. ಅಪಘಾತವಿಲ್ಲದ ನೌಕರಿಗೆ ಕೊಟ್ಟ ಬೆಳ್ಳಿಯ ಪದಕ ಇವತ್ತಿಗೂ ಅವನ ಮನೆಯ ಜಗುಲಿಯ ಮೇಲೆ ಬಸವಣ್ಣನ ಫೋಟೋದ ಮಗ್ಗುಲಿಗಿದೆ. ಕೇಳಿದವನ ಮುಖದಲ್ಲಿ ನಿಜವಾದ ಮರುಕವಿತ್ತು, ಅದೇ ಸುಟ್ಟಂತಾಯಿತು. ಬಾಯಿಗೆ ಸಿದ್ಧವಾಗಿದ್ದ ಮಾತು ಬಂತು. ಡಿಪೋದಲ್ಲಿ ಹೊಸಬರಿಗೆ ಕಲಿಸುವಾಗ, ಏರಿನಲ್ಲಿ ಎಕ್ಸಲರೇಟರಿನಿಂದ ಕಾಲೆತ್ತಿದವರಿಗೆ ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತು, ನಾಲಿಗೆಗೆ ಯೋಚನೆ ಬೇಕಾಗಿರಲಿಲ್ಲ. "ಅಂಜಿ ಕಾಲ ತಗದ್ಳು," ಎಂದ. ಅಂದ ಮೇಲೆ ಅದು ಅವನದಾಗಿ ಉಳಿಯಲಿಲ್ಲ. ದವಾಖಾನಿಗೆ ಬಂದಿತು, ಇಳಕಲ್ಲಿನ ಮನೆಗೆ ಬಂದಿತು. ಅಮೀನಗಡದ ಕರದಂಟಿನ ಪೊಟ್ಟಣ ಹಿಡಿದು ಮಾತಾಡಿಸಲು ಬಂದ ಬೀಗರೆಲ್ಲ ಇಂದ್ರಾಬಾಯಿಯ ಮಂಚದ ಸುತ್ತ ಕೂತು ಅದನ್ನೇ ಆಡಿದರು. "ಅಂಜಿ ಕಾಲ ತಗದ್ಳಂತ. ಹೆಣ್ಮಕ್ಕಳ ಕಾಲು ನೋಡ್ರಿ." ಶೀಲಾ ಅಡಿಗೆಮನೆಯಿಂದ ಚಹಾದ ತಾಟು ಹಿಡಿದು ಬರುವಾಗ ಮಾತು ನಿಲ್ಲುತ್ತಿತ್ತು, ಅವಳು ಒಳಗೆ ಹೋದಾಗ ಮತ್ತೆ ಹೊರಡುತ್ತಿತ್ತು. ಅಂದಪ್ಪ ಮೂಲೆಯ ಕುರ್ಚಿಯಲ್ಲಿ ಕೂತು ಬೇರೆ ಕತೆ ತೆಗೆಯುತ್ತಿದ್ದ, ಜೋರಾಗಿ, ಯಾರೂ ಕೇಳದಿದ್ದರೂ.

"ನೋಡೋ ಚೇತನ, ಗೆರಿ ಎಷ್ಟ ಚಂದ ಏರೇತಿ," ಎಂದ ಯುನೂಸ ಪರದೆ ತೋರಿಸುತ್ತ. ಚೇತನನ ಜೊತೆ ಸಾಲಿ ಕಲಿತವನು. ಬಾಗಲಕೋಟೆ ನವನಗರದ ಈ ಗ್ಯಾರೇಜಿಗೆ ಪುಣೆಯಿಂದ, ಇಂಜಿನ್ನಿನ ಬಲ ಅಳೆಯುವ ಹಳೆಯ ಡೈನೋ ಮಶೀನು ತಂದು ಹಾಕಿದ ಮೇಲೆ ಅವನ ಮಾತಿಗೆ ಒಂದು ತೂಕ ಬಂದಿತ್ತು. ಜನ ಅದನ್ನು ರೋಲರ್ ಎನ್ನುತ್ತಿದ್ದರು. "ಕಂಪನಿಯಾಂವ ಹೇಳಿದ್ದಕ್ಕಿಂತ ಎಳಿಯೂ ತಾಕತ್ತು ಹೆಚ್ಚ ಬಂದೈತಿ. ಭಾಳ ದಮ್ ಐತಿ ಈ ಸಣ್ಣ ಇಂಜಿನ್‌ಗೆ."

ಅಂದಪ್ಪನಿಗೆ ಆಗ ಹೊಳೆಯಿತು, ಬೆಲ್ಟಿನಲ್ಲಿ ಬೆರಳು ಸಿಕ್ಕಂತೆ ಹೊಳೆಯಿತು. ಅವಳು ಹೇಳಿದ್ದು ದಮ್ ಹಿಡೀತು ಎಂದು. ಮಗ ಅದನ್ನು ಇಲ್ಲಿಗೆ ತರುವಾಗ ದಮ್ ಇಲ್ಲ ಎಂದು ತಂದಿದ್ದಾನೆ. ಇಳಕಲ್ಲಿನಿಂದ ಬಾಗಲಕೋಟೆಗೆ ಬರುವಷ್ಟರಲ್ಲಿ ದಮ್ಮಿನ ಅರ್ಥ ಉಸಿರು ಹೋಗಿ ಶಕ್ತಿ ಆಗಿಬಿಟ್ಟಿದೆ. ಉಸಿರು ಬಿಗಿಹಿಡಿದವನನ್ನು ಕರೆತಂದು, ಇವನಿಗೆ ಎಷ್ಟು ಬಲವಿದೆ ನೋಡಿ ಎಂದು ಚೀಲ ಹೊರಿಸಿದ ಹಾಗೆ. ಮನೆಯಲ್ಲಿ ಮಗನೇ ನಿಂತು ಮಾಡಿದ ಕರಾರು ಹಾಗೇ ಇತ್ತು: ಗಾಡಿಗೆ ದಮ್ ಇಲ್ಲವೆಂದು ಬಂದರೆ ತಪ್ಪು ಗಾಡಿಯದು, ಇನ್ನು ಯಾರೂ ಶೀಲಾಳಿಗೆ ಏನೂ ಅನ್ನಬಾರದು. ದಮ್ ಇದೆಯೆಂದು ಬಂದರೆ ಕೀಲಿ ಅವನ ಕೈಗೆ, ಅವಳು ಇನ್ನು ಸ್ಟಿಯರಿಂಗ್ ಹಿಡಿಯಬಾರದು. ಹುನಗುಂದದ ಸುತ್ತಿನ ಹಳ್ಳಿಗಳಲ್ಲಿ ಹೊತ್ತಲ್ಲದ ಹೊತ್ತಿನಲ್ಲಿ ಎಮ್ಮೆ ಈಯುತ್ತಿರುತ್ತದೆ, ಕರು ಅಡ್ಡ ಸಿಕ್ಕಿರುತ್ತದೆ, ಫೋನು ಬರುತ್ತದೆ. ಗಾಡಿಯಿಲ್ಲದೆ ಆ ಡಾಕ್ಟರಿಕೆ ನಡೆಯುವುದಿಲ್ಲ. ಆಫೀಸಿನಲ್ಲಿ ಕೂತು ಕಾಗದ ನೋಡುವ ಕೆಲಸಕ್ಕೆ ಹೆಸರು ಕೊಡು ಎಂದು ಚೇತನ ಎರಡು ಸಲ ಹೇಳಿಯೂ ಆಗಿತ್ತು. ಶೀಲಾ ಒಪ್ಪಿದಳೋ ಇಲ್ಲವೋ ಯಾರೂ ಕೇಳಲಿಲ್ಲ. "ಹತ್ತಸ್ರಿ ರೋಲರ್ ಮ್ಯಾಲ," ಎಂದಿದ್ದಳು, ಅಷ್ಟೇ.

ಆ ಕರಾರು ಆದ ದಿನ ಅಂದಪ್ಪನಿಗೆ ರಾಡು ಹಾಕಿದ ಹೆಂಡತಿಯ ಮಗ್ಗುಲಲ್ಲಿ ಕೂತು ಸಮಾಧಾನವೇ ಆಗಿತ್ತು, ಹೇಸಿಗೆಯ ಸಮಾಧಾನ. ಮಶೀನು ಹೇಳಲಿ. ಗಾಡಿಯ ತಪ್ಪು ಎಂದು ಬಂದರೆ ಅವಳು ಬದುಕಿದಳು, ತಾನೂ "ಹೌದೇನೋ, ವಯಸ್ಸಾತು, ನನ್ನ ಕಣ್ಣು ತಪ್ಪಿರಬೇಕು" ಎಂದು ತಲೆ ಕೆರೆದುಕೊಂಡು ಜಾರಬಹುದು. ತನ್ನ ಬಾಯಿಯಿಂದ ಬರಬೇಕಾದದ್ದು ಕಬ್ಬಿಣದ ಬಾಯಿಯಿಂದ ಬರಲಿ ಎಂದು ಹಾರೈಸಿ ಇವತ್ತು ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, "ನಾನೂ ಬರ್ತೇನಿ" ಎಂದು ಗಾಡಿ ಹತ್ತಿದ್ದ.

ಯುನೂಸ ಇನ್ನೊಮ್ಮೆ ಓಡಿಸಿದ, ಮತ್ತೊಮ್ಮೆ ಓಡಿಸಿದ. ಸುಟ್ಟ ರಬ್ಬರಿನ ವಾಸನೆ ತುಂಬಿತು. ಈ ಸಲದ ಗೆರೆ ಮೊದಲಿನದಕ್ಕಿಂತ ಸ್ವಲ್ಪ ಕೆಳಗೆ ಬಂತು. ಅಂದಪ್ಪ ಆಸೆಯಿಂದ ಎದ್ದ.

"ಯುನೂಸ, ಕಡಿಮಿ ಆತಲ್ಲೋ! ಯಾಕ ಕಡಿಮಿ ಆತು?"

"ಬಿಸಿ ಆತ್ರಿ ಅಜ್ಜಾರ. ಟರ್ಬೋ ಅಂದ್ರ ಗಾಳಿ ಒತ್ತಿ ಒತ್ತಿ ಇಂಜಿನ್ನಿಗೆ ತುಂಬೂ ಪಂಪ್. ಒತ್ತಿದ ಗಾಳಿ ಕಾಯ್ತೈತಿ. ರೋಡಿನ ಮ್ಯಾಲ ಎದುರಗಾಳಿ ಬಡದ ತಣ್ಣಗ ಮಾಡ್ತೈತಿ. ಇಲ್ಲಿ ಈ ಫ್ಯಾನ್ ಎಷ್ಟಂತ ಊದೀತು? ಭಾಳ ಕಾಯ್ತಂದ್ರ ಇಂಜಿನ್ ತಾನ ಅಂಜಿ ಹಿಂದ ಸರೀತೈತಿ."

ಅಂಜಿ. ಅಂದಪ್ಪ ಆ ಶಬ್ದವನ್ನು ಕಿವಿಯ ಬೂಚಿಲ್ಲದೆ ಕೇಳಿದ. ಶೀಲಾಳ ಕಡೆ ನೋಡಲಾಗಲಿಲ್ಲ.

"ಅಂದ್ರ ಇಲ್ಲಿ ಒಂದ, ರೋಡಿನ ಮ್ಯಾಲ ಒಂದ?" ಎಂದ, ದನಿ ತಗ್ಗಿಸಿ.

"ಮತ್ತ? ಇಲ್ಲಿ ನಾ ರೋಲರ್ ತಡದ ಹಿಡೀತೇನ್ರಿ. ಟರ್ಬೋ ತುಂಬಿಕೊಳ್ಳೂತನಾ ಹಿಡದು ಆಮ್ಯಾಲ ಬಿಡ್ತೇನಿ, ಅದಕ ಗೆರಿ ಇಷ್ಟ ಸಾಪ್ ಏರತೈತಿ. ರೋಡಿನ ಮ್ಯಾಲ ನಿಮಗ ಯಾರ ಹಿಡದ ನಿಂದರ್ತಾರ? ಸಾವಕಾಶ ಹೊಂಟಿರ್ತೀರಿ, ದೊಡ್ಡ ಗೇರ್‌ನಾಗ ಇರ್ತೀರಿ, ಒಮ್ಮಿಗೇ ಒತ್ತೀರಿ. ಹೊಗಿ ಹೋಗಿ ಟರ್ಬೋ ತಿರಗಬೇಕು, ಅದು ತಿರಗಿ ಗಾಳಿ ತುಂಬಬೇಕು. ಈ ಮಶೀನು ದಮ್ ಎಷ್ಟೈತಿ ಅಂತ ಹೇಳ್ತೈತಿ. ಯಾವಾಗ ಬರ್ತೈತಿ ಅಂತ ಕೇಳಿದ್ರ ಇದರ ಕಡೆ ಉತ್ತರಿಲ್ಲ."

"ಲೇ, ಐತಿ ಅಂದ ಮ್ಯಾಲ ಬಂದ ಬರ್ತೈತಿ," ಎಂದ ಚೇತನ ಪರದೆಯ ಫೋಟೋ ತೆಗೆದುಕೊಳ್ಳುತ್ತ. ಕಾಲೇಜಿನಲ್ಲಿ ಕಾಮರ್ಸ್ ಹೇಳುವವನು, ಎರಡು ಕಡೆ ಕೂಡಿಸಿ ಸರಿ ಬಂದರೆ ಅವನಿಗೆ ಜಗತ್ತು ಸರಿಯಿತ್ತು. "ನಾವು ಕೇಳಿದ್ದೇನು? ದಮ್ ಐತೋ ಇಲ್ಲೋ. ಐತಿ. ಮುಗೀತು."

"ಕಟ್ಟಿನ್ಯಾಗ ನಿಂತ ಎತ್ತು ಕುಂಟಂಗಿಲ್ಲ ಯುನೂಸಣ್ಣಾ," ಎಂದಳು ಶೀಲಾ. ಬೆಳಿಗ್ಗೆಯಿಂದ ಅವಳು ಆಡಿದ ಮೊದಲ ಮಾತು. ಶಟರಿಗೆ ಒರಗಿಯೇ ನಿಂತಿದ್ದಳು. "ದವಾಖಾನಿ ಮುಂದ ನಾಕ ಕಂಬ ನಟ್ಟಿರ್ತೇವಿ, ಅದರಾಗ ಕಟ್ಟಿದ್ರ ನಾಕೂ ಕಾಲು ಛಲೋನ ಕಾಣ್ತಾವು. ಹಗ್ಗ ಬಿಚ್ಚಿ ನಡಿಸಿದಾಗ ಕುಂಟತೈತಿ."

"ಖರೆ ಹೇಳಿದ್ರಿ ಡಾಕ್ಟ್ರ! ಬಾರೋ ಚೇತನ, ಹಗ್ಗ ಬಿಚ್ಚತೇನಿ, ಶಿರೂರ ರೋಡಿನ ಮ್ಯಾಲ ಒಂದ ಸುತ್ತ ಹೊಡದ ಬರೋಣು. ಅಲ್ಲೇ ಗೊತ್ತಾಗ್ತೈತಿ."

"ಬ್ಯಾಡ," ಎಂದ ಚೇತನ. "ರೋಡಿನ ಮ್ಯಾಲ ಒಬ್ಬೊಬ್ರ ಕಾಲು ಒಂದೊಂದ ಹೇಳ್ತೈತಿ. ಕಾಲಿಲ್ಲದ್ದ ಹೇಳ್ಲಿ ಅಂತನ ಇಲ್ಲಿಗೆ ತಂದೇನಿ."

ಈಗ ಹೇಳು, ಎಂದಿತು ಅಂದಪ್ಪನ ಒಳಗಿನದೊಂದು. ಇದಕ್ಕಿಂತ ಸುಲಭದ ಹೊತ್ತು ಇನ್ನೊಂದಿಲ್ಲ. ಆ ಕಾಲನ್ನು ನಾನು ನೋಡೇನಿ, ಒತ್ತಿತ್ತು. ನಾಲ್ಕು ಮಾತು. ಬಾಯಿ ತೆರೆದ. "ಯುನೂಸ," ಎಂದ, "ಇಲ್ಲಿ ಒಂದಕ್ಕ ಹೋಗಾಕ ಎಲ್ಲಿ ಐತಿ?"

ಹಳೆಯ ಟೈರುಗಳ ಹಿಂದೆ ತಗಡಿನ ಬಾಗಿಲು. ಒಳಗೆ ಹೋಗಿ ಧೋತರ ಎತ್ತಿ ಹಿಡಿದು ನಿಂತ. ಬರಲಿಲ್ಲ. ಗೋಡೆಯ ಮೇಲೆ ಒಂದು ಹಲ್ಲಿ ಇವನನ್ನೇ ನೋಡುತ್ತಿತ್ತು. ಜೀವಮಾನವಿಡೀ ಹಿಂದೆ ಬಸ್ಸು ತುಂಬ ಜನ ಕೂತು ಕಾಯುತ್ತಿರುವಾಗ ಗಿಡದ ಬುಡದಲ್ಲಿ ನಿಂತು ಚಟ್ಟನೆ ಮುಗಿಸಿ ಬಂದವನು, ಈಗ ಮೂರು ಜನ ಕಾಯುತ್ತಿದ್ದಾರೆ ಎಂಬುದಕ್ಕೇ ಸಿಕ್ಕಿಕೊಂಡಿದ್ದ. ಹಲ್ಲಿಗೆ ಹೇಳಿದ, "ಆಕಿ ಕಾಲ ತಗದಿದ್ದಿಲ್ಲ." ಸಲೀಸಾಗಿ ಬಂತು. ಇನ್ನೊಮ್ಮೆ ಹೇಳಿದ. ಮೂರನೆಯ ಸಲಕ್ಕೆ ಅದು ತನ್ನ ಮಾತೇ ಅನಿಸದೆ ಸ್ಟ್ಯಾಂಡಿನಲ್ಲಿ ಕೂಗುವ ಊರಿನ ಹೆಸರಿನಂತಾಯಿತು. ಹೇಳಿದರೆ ಏನಾಗುತ್ತದೆ? ಮತ್ತೆ ಅವತ್ತು ಯಾಕೆ ಹಾಗಂದಿ ಎಂದು ಮಗ ಕೇಳುತ್ತಾನೆ. ಹೊಲದಲ್ಲಿ ಒಬ್ಬ ಬಾಜೂ ಕುಂತೂ ಎಂದದ್ದಕ್ಕೆ ಎಂದು ಹೇಳಲೇ? ಮನುಷ್ಯ ಅಷ್ಟಕ್ಕೆ ಸೊಸೆಯನ್ನು ಮಾರುತ್ತಾನೆಯೇ? ಮಾರಿಯೇ ಬಿಟ್ಟಿದ್ದ. ಅಷ್ಟು ಅಗ್ಗಕ್ಕೆ ಮಾರಿದ್ದೇ ಹೇಳಲಾಗದ್ದು. ಕೊನೆಗೆ ನಾಲ್ಕು ಹನಿ ಬಂತು, ಅದರಲ್ಲಿ ಎರಡು ಧೋತರದ ಮೇಲೆ ಬಿದ್ದವು. ಹೊರಗೆ ಬಂದಾಗ ಬೆಲ್ಟು ಬಿಚ್ಚಿ ಗಾಡಿಯನ್ನು ಕೆಳಗಿಳಿಸಿದ್ದರು, ಶೀಲಾ ಕೈಚೀಲದಿಂದ ಕೀಲಿಯ ಇನ್ನೊಂದು ಜೊತೆ ತೆಗೆದು ಗಂಡನ ಅಂಗೈಯಲ್ಲಿ ಇಡುತ್ತಿದ್ದಳು. "ಹಿಡೀರಿ," ಎಂದಳು. ಹಾಗೆ ಕೊಡುವಾಗ ಅವಳ ಕಣ್ಣು ಮಾವನ ಧೋತರದ ಹಸಿಯ ಮೇಲೆ ಬಿದ್ದು, ಕೂಡಲೇ ಬೇರೆ ಕಡೆ ಹೋಯಿತು. ಆ ಕರುಣೆಗೆ ಅಂದಪ್ಪ ಕುಗ್ಗಿಹೋದ.

ಬಾಗಲಕೋಟೆ ಬಿಟ್ಟು ಶಿರೂರು ದಾಟುವತನಕ ಅವನು ಮಾತಾಡಿದ. ಚೇತನ ಓಡಿಸುತ್ತಿದ್ದ, ಶೀಲಾ ಹಿಂದೆ, ಹೋದ ತಿಂಗಳು ಇಂದ್ರಾಬಾಯಿ ಕೂತಿದ್ದಲ್ಲೇ ಕೂತಿದ್ದಳು. ಅಂದಪ್ಪ ರಸ್ತೆಯ ಬಗ್ಗೆ ಮಾತಾಡಿದ, ಡಾಂಬರು ಹಾಕಿದವರ ಬಗ್ಗೆ, ಈಗಿನ ಡ್ರೈವರುಗಳಿಗೆ ಹಾರ್ನು ಹೊಡೆಯಲೂ ಬರುವುದಿಲ್ಲ ಎಂಬುದರ ಬಗ್ಗೆ. ಮಾತು ನಿಂತರೆ ಆ ಇನ್ನೊಂದು ಬಂದುಬಿಡಬಹುದೆಂದು ಹೆದರಿ ಮಾತಾಡಿದ. ಕೋಳಿಬುಟ್ಟಿಯ ಕತೆಯನ್ನೂ ತೆಗೆದ. ಹಿಂದಿನಿಂದ ಆಮ್ಯಾಲ ಏನಾತ್ರಿ ಎಂದು ಯಾರೂ ಕೇಳಲಿಲ್ಲ. ಕೋಳಿಗಳು ಅರ್ಧಕ್ಕೇ ಹಾರಿಹೋದವು. ಕಮತಗಿ ದಾಟುತ್ತಿದ್ದಂತೆ ಮುಂದೆ ಹೋಗುತ್ತಿದ್ದ ಕಬ್ಬಿನ ಟ್ರ್ಯಾಕ್ಟರು ಸಿಕ್ಕಿತು, ಎರಡು ಟ್ರೇಲರು, ಎರಡರಿಂದಲೂ ರಸ್ತೆಯ ಮೇಲಕ್ಕೆ ಚಾಚಿದ ಕಬ್ಬಿನ ಜಲ್ಲೆಗಳು, ಇಂಜಿನ್ನಿನ ಮೇಲೆ ಕಟ್ಟಿದ ದೊಡ್ಡ ಸ್ಪೀಕರ್ ಡಬ್ಬಿಗಳಲ್ಲಿ ಹಾಡು. ಎದೆಯೊಳಗೇ ಬಡಿಯುವಂಥ ಹಾಡು. ಚೇತನ ಹಾರ್ನು ಹೊಡೆದ. ಟ್ರ್ಯಾಕ್ಟರಿನವನಿಗೆ ತನ್ನ ಹಾಡಿನಲ್ಲಿ ಅದು ಕೇಳುವಂತಿರಲಿಲ್ಲ. ಗಾಡಿ ನಡೆಯುವವನ ವೇಗಕ್ಕೆ ಇಳಿಯಿತು. ಎ.ಸಿ. ಹಾಕಿ ಕಿಟಕಿಯ ಗಾಜು ಏರಿಸಿದ್ದರು. ಅಂದಪ್ಪನಿಗೆ ಬೆಲ್ಟು ಹೊಟ್ಟೆಯ ಮೇಲೆ ಬಿಗಿಯಿತು, ಅದನ್ನು ಎಳೆದ, ಅದು ಇನ್ನೂ ಬಿಗಿಯಾಯಿತು. ಇದೇ ಏರು. ಜೋಳದ ಹೊಲದಲ್ಲಿ ಮುರಿದ ದಂಟಿನ ಜಾಗ ಬೋಳಾಗಿ ಕಾಣುತ್ತಿತ್ತು. ಅದು ದಾಟುವ ಮೊದಲು ಹೇಳದಿದ್ದರೆ ಇನ್ನು ಸಾಯುವತನಕ ಹೇಳುವುದಿಲ್ಲ ಎಂದು ತಿಳಿಯಿತು.

"ಲೇ ಚೇತನ," ಎಂದ. "ಅವತ್ತ ಆಕಿ ಕಾಲ ತಗದಿದ್ದಿಲ್ಲ."

"ಏನಂದ್ರಿ?"

"ಕಾಲ ತಗದಿದ್ದಿಲ್ಲೋ!" ಹಾಡಿನ ಮೇಲೆ ಕೂಗಿದ. "ಕಾಲ ಒತ್ತೇ ಇತ್ತು. ನಾ ನೋಡೇನಿ. ಗಾಡೀನ ತಡೀತು. ನಾ ಅವತ್ತ ಸುಳ್ಳ ಹೇಳಿದೆ."

ಆಯಿತು. ಬಂದೇ ಬಿಟ್ಟಿತು. ಅಂದಪ್ಪ ಕಣ್ಣು ಮುಚ್ಚಿ ಕಾಯ್ದ, ಮಗ ಗಾಡಿ ನಿಲ್ಲಿಸಬಹುದು, ಬೈಯಬಹುದು, ಇಳಿದು ಹೋಗು ಎನ್ನಬಹುದು. ಯಾವುದಾದರೂ ಆಗಬಹುದಿತ್ತು. ಚೇತನ ಒಂದು ಕೈ ಸ್ಟಿಯರಿಂಗಿನಿಂದ ತೆಗೆದು ತಂದೆಯ ಮೊಣಕಾಲಿನ ಮೇಲೆ ಇಟ್ಟ. ಮೆಲ್ಲಗೆ ತಟ್ಟಿದ.

"ನಿಮ್ಮ ದೊಡ್ಡತನ ನನಗ ಗೊತ್ತೈತಿ ಅಪ್ಪಾ," ಎಂದ. "ಸೊಸಿ ಮಾರಿ ಸಣ್ಣದಾತು ಅಂತ ನಿಮಗ ತಡಿಯಾಕ ಆಗವಲ್ದು. ಹಂಗಂತ ನಿಮ್ಮ ಮ್ಯಾಲ ಯಾಕ ಹಾಕ್ಕೋತೀರಿ? ಮಶೀನ್ ಹೇಳೇತಲ್ಲ."

"ದೊಡ್ಡತನ ಅಲ್ಲಲೇ ಮಗನ! ಕಣ್ಣಾರೆ ನೋಡೇನಿ ನಾ ಆ ಕಾಲ!"

"ಯಾವ ಕಣ್ಣಲೆ ಅಪ್ಪಾ? ಪೊರಿ ಬಂದೈತಿ ಅಂತ ಲೈಸೆನ್ಸ್ ಕೊಡಲಿಲ್ಲಲ್ಲ, ಆ ಕಣ್ಣಲೇನು?" ಬೈಗುಳವಲ್ಲ, ಪ್ರೀತಿಯೇ ಇತ್ತು ದನಿಯಲ್ಲಿ, ಹಟ ಮಾಡುವ ಕೂಸಿಗೆ ಹೇಳಿದ ಹಾಗೆ. "ಅವತ್ತ ಅಷ್ಟ ಮಂದಿ ಮುಂದ ಹೇಳಿದ್ದ ಖರೇನೋ, ಇವತ್ತ ಹೇಳೂದ ಖರೇನೋ? ಸುಮ್ಕ ಕೂಡ್ರಿ."

ಇದನ್ನು ಅಂದಪ್ಪ ಎಣಿಸಿರಲಿಲ್ಲ. ಮಾತು ಆಡಿದರೆ ಸಾಕು, ಅದರ ಹಿಂದೆ ಏನು ಬಂದರೂ ಬರಲಿ ಎಂದುಕೊಂಡಿದ್ದ. ಆಡಿದ ಮಾತು ಎಲ್ಲಿಗೂ ಹೋಗದೆ ಇದ್ದಲ್ಲೇ ಗಿರಗಿರ ತಿರುಗಬಹುದೆಂದು ತಿಳಿದಿರಲಿಲ್ಲ. ಅವನ ಸುಳ್ಳಿಗೆ ಈಗ ಕಬ್ಬಿಣದ ಸಾಕ್ಷಿ ಇತ್ತು. ಅವನ ಖರೆಗೆ ಅವನೊಬ್ಬನೇ. ತಿರುಗಿ ಹಿಂದೆ ನೋಡಲು ಹೋದ, ಕುತ್ತಿಗೆ ತಿರುಗಲಿಲ್ಲ, ಬೆಲ್ಟು ಬಿಡಲಿಲ್ಲ. ಮೇಲಿನ ಕನ್ನಡಿಯಲ್ಲಿ ಸೊಸೆಯ ಹಣೆ, ಕುಂಕುಮ, ಒಂದು ಕಣ್ಣು ಮಾತ್ರ ಕಂಡವು. ಆ ಕಣ್ಣು ಅವನನ್ನೇ ನೋಡುತ್ತಿತ್ತು. ಸಿಟ್ಟಿರಲಿಲ್ಲ. ಈ ಬೋನಿಗೆ ಹೊಸದಾಗಿ ಬಂದವನನ್ನು ಮೊದಲಿನಿಂದ ಇದ್ದವರು ನೋಡುವ ಹಾಗಿತ್ತು.

"ಮಾವಾರನ್ನೂ ಒಮ್ಮಿ ರೋಲರ್ ಮ್ಯಾಲ ಹತ್ತಿಸಿ ಬರಬೇಕಿತ್ತು," ಎಂದಳು ಕಿಟಕಿಯ ಕಡೆಗೆ.

ಚೇತನನ ಕುತ್ತಿಗೆ ಕೆಂಪಾಯಿತು. "ಇಬ್ರೂ ಸೇರಿ ನನ್ನ ತಲಿ ತಿನ್ನಬ್ಯಾಡ್ರಿ," ಎಂದು ಮತ್ತೆ ಹಾರ್ನು ಹೊಡೆದ, ಸಾಕಾಯಿತು ಎಂಬಂತೆ ಸ್ಟಿಯರಿಂಗನ್ನು ಬಲಕ್ಕೆ ಹೊರಳಿಸಿದ. ಎದುರಿನ ರಸ್ತೆ ಏರಿನ ತಲೆಯತನಕ ಖಾಲಿ ಇತ್ತು. ಕಬ್ಬಿನ ಜಲ್ಲೆಗಳು ಎಡಗಡೆಯ ಗಾಜನ್ನು ಸವರಿದವು. ಅಂದಪ್ಪನ ಕಣ್ಣು ತಾನಾಗಿಯೇ ಕೆಳಗೆ ಹೋಯಿತು. ಮಗನ ಬಲಗಾಲು, ಕಪ್ಪು ಬೂಟು, ಒತ್ತಿತು, ತಳ ಮುಟ್ಟಿತು. ಗಾಡಿ ಟ್ರೇಲರಿನ ಮಗ್ಗುಲಿಗೆ ಬಂದು, ಅಲ್ಲೇ ಉಳಿಯಿತು. ಇಂಜಿನ್ನು ಗಂಟಲು ಕಟ್ಟಿದವರಂತೆ ಗುಂಯ್ ಎಂದಿತು. ಕಬ್ಬು, ಹಾಡು, ತಿರುಗುವ ದೊಡ್ಡ ಗಾಲಿ, ಗಾಲಿಯ ನಟ್ಟುಗಳು, ಎಲ್ಲವೂ ಎಡಗಡೆ ಇದ್ದಲ್ಲೇ ಇದ್ದವು. ಒಬ್ಬರೂ ಉಸಿರಾಡಲಿಲ್ಲ. ಏರಿನ ತಲೆಯ ಮೇಲೆ, ಇನ್ನೂ ದೂರದಲ್ಲಿ, ಕೆಂಪು ಬಸ್ಸಿನ ನೆತ್ತಿ ಮೂಡಿತು.

ಕಪ್ಪು ಬೂಟು ಮೇಲೆ ಬಂತು.

ಗಾಡಿ ಹಿಂದಕ್ಕೆ ಜಾರಿ ಟ್ರೇಲರಿನ ಬೆನ್ನಿಗೆ ಸೇರಿಕೊಂಡಿತು. ಬಸ್ಸು ತನ್ನ ಪಾಡಿಗೆ ಬಂದು ತನ್ನ ಪಾಡಿಗೆ ಹೋಯಿತು. ಚೇತನ ಎ.ಸಿ.ಯ ಗುಂಡಿ ತಿರುವಿದ, ಕನ್ನಡಿ ಸರಿ ಮಾಡಿಕೊಂಡ, ಒಮ್ಮೆ ಕೆಮ್ಮಿದ. ಅಂದಪ್ಪ ಮಗನ ತುಟಿಯನ್ನೇ ನೋಡುತ್ತಿದ್ದ. ಅಲ್ಲಿ ಈಗ ಏನೇನು ಬಂದು ನಿಲ್ಲುತ್ತಿದೆ, ಯಾವುದು ಮೊದಲು ಹೊರಬೀಳುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಆ ಗಾಡಿಯಲ್ಲಿ ಇನ್ನೊಬ್ಬರಿರಲಿಲ್ಲ.

"ಬಸ್ ಭಾಳ ಹತ್ರ ಬಂದಿತ್ತು," ಎಂದ ಚೇತನ.

ಹಿಂದಿನಿಂದ ಶೀಲಾ, ಎಮ್ಮೆ ಮೇವು ಬಿಟ್ಟು ಎಷ್ಟು ದಿನವಾಯಿತು ಎಂದು ರೈತರನ್ನು ಕೇಳುವ ದನಿಯಲ್ಲಿ, ಕೇಳಿದಳು:

"ಕಾಲ ತಗದ್ರೇನ್ರಿ?"